ಊದಿ ನೋಡಿದ ಗಾಜು

ಪಟ ತೆಗೆಯುವವನ ಹೆಂಡತಿಯನ್ನು ಬೀದಿಯವರು ಗಾಜಿನಮ್ಮ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲಿನ ಹಲಗೆಯಲ್ಲಿ ದಪ್ಪ ಅಕ್ಷರಗಳಲ್ಲಿದ್ದದ್ದು ಗಂಡನ ಹೆಸರು, ಪಟಕ್ಕೆ ಕೂತವರು ಬಾಯಿ ತುಂಬ ಹೊಗಳುತ್ತಿದ್ದದ್ದೂ ಅವನನ್ನೇ. ಆದರೆ ಗಾಜು ಕೊಳೆಯಾಗಿದ್ದರೆ ಅವನ ಕೈಚಳಕವೆಲ್ಲ ನೀರುಪಾಲು. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ. ಗಂಡಸರ ಈ ಮರೆವಿಗೆ ಮದ್ದಿಲ್ಲ, ಇರಲಿ.

ಆಗಿನ್ನೂ ಪಟ ತೆಗೆಯುವ ವಿದ್ಯೆ ಹೊಸದು. ಒಂದೇ ಪಟವನ್ನು ಕಾಗದದ ಮೇಲೆ ಹತ್ತು ಪ್ರತಿ ತೆಗೆಯುವ ಕಾಲ ಆ ಊರಿಗೆ ಬಂದಿರಲಿಲ್ಲ. ಒಂದು ಗಾಜಿಗೆ ಒಂದೇ ಪಟ. ಗಾಜಿನ ಮೇಲೆ ಜೇನಿನಷ್ಟು ಮಂದವಾದ ಅಂಟುಮದ್ದು ಸುರಿದು, ಅದು ಒಣಗುವ ಮೊದಲೇ ಬೆಳ್ಳಿ ಕರಗಿಸಿದ ನೀರಿನಲ್ಲಿ ಅದ್ದಿ, ಹಸಿಹಸಿಯಾಗಿಯೇ ಕ್ಯಾಮೆರಾದೊಳಗೆ ಇಟ್ಟು, ಮುಚ್ಚಳ ತೆಗೆದು ಎಂಟು ಎಣಿಸಬೇಕು. ಆಮೇಲೆ ಕತ್ತಲೆ ಕೋಣೆಗೆ ಓಡಿ, ಇನ್ನೆರಡು ಮದ್ದುಗಳಲ್ಲಿ ತೊಳೆದು, ಬೆನ್ನಿಗೆ ಕಪ್ಪು ಬಟ್ಟೆ ಕೊಟ್ಟರೆ ಗಾಜಿನಲ್ಲಿ ಮನುಷ್ಯ ಕಾಣಿಸಿಕೊಳ್ಳುತ್ತಿದ್ದ. ಆ ಗಾಜನ್ನೇ ಚೌಕಟ್ಟಿಗೆ ಹಾಕಿ ಗಿರಾಕಿಯ ಕೈಗೆ ಕೊಡುವುದು. ಕೊಟ್ಟ ಮೇಲೆ ಅಂಗಡಿಯಲ್ಲಿ ಅವರ ಗುರುತು ಏನೂ ಉಳಿಯುತ್ತಿರಲಿಲ್ಲ.

ಎಂಟು ಎಣಿಸುವವರೆಗೆ ಮಿಸುಕದೆ ಕೂರುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕುರ್ಚಿಯ ಹಿಂದೆ ತಲೆ ಹಿಡಿಯಲೆಂದೇ ಕಬ್ಬಿಣದ ಇಕ್ಕಳವೊಂದಿತ್ತು. ಆದರೂ ದೊಡ್ಡ ಮೀಸೆಯ ವಕೀಲನೊಬ್ಬ ಏಳನೆಯ ಎಣಿಕೆಗೆ ಸರಿಯಾಗಿ ಸೀನಿ, ಪಟದಲ್ಲಿ ತಲೆಯಿಲ್ಲದ ವಕೀಲನಾಗಿ ಬಂದಿದ್ದ. ಹೀಗೆ ಕೆಟ್ಟುಹೋದ ಗಾಜುಗಳೆಲ್ಲ ಬೆತ್ತದ ಬುಟ್ಟಿಯಲ್ಲಿ ಬಿದ್ದು ಕೊನೆಗೆ ಗಾಜಿನಮ್ಮನ ಕೈಗೆ ಬರುತ್ತಿದ್ದವು. ಅವಳು ಕ್ಷಾರದ ನೀರಿನಲ್ಲಿ ನೆನೆಹಾಕಿ, ಹಳೆಯ ಪದರವನ್ನು ಕೆರೆದು ತೆಗೆದು, ನುಣ್ಣನೆಯ ಕಲ್ಲುಪುಡಿಯಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಗಾಜಿನ ಹಾಗೆ ಮಾಡಿ ಕೊಡುತ್ತಿದ್ದಳು. ವಕೀಲನ ತಲೆಯಿಲ್ಲದ ಮೈಯನ್ನು ಕೆರೆಯುವಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ.

ತೊಳೆದಾದ ಮೇಲೆ ಪರೀಕ್ಷೆ. ಗಾಜನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಊದಬೇಕು. ಉಸಿರಿನ ಮಂಜು ಗಾಜಿನ ತುಂಬ ಒಂದೇ ಸಮನೆ ಕೂತು ಒಂದೇ ಸಮನೆ ಆರಿಹೋದರೆ ಗಾಜು ಚೊಕ್ಕಟ. ಎಲ್ಲಾದರೂ ಕಲೆಯೋ ಗೆರೆಯೋ ಎದ್ದು ಕಂಡರೆ ಹಳೆಯದು ಇನ್ನೂ ಒಳಗಿದೆ ಎಂದು ಅರ್ಥ, ಮತ್ತೆ ತೊಳೆಯಬೇಕು. ಕಣ್ಣಿಗೆ ಕಾಣದ ಕೊಳೆಯೂ ಉಸಿರಿಗೆ ಕಾಣುತ್ತದೆ ಎಂದು ಗಂಡ ಹೇಳುತ್ತಿದ್ದ. ಅತಿ ಚೊಕ್ಕಟವಾದ ಗಾಜುಗಳನ್ನು ಅವಳು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡುತ್ತಿದ್ದಳು. ಸುತ್ತಿದ ಗಾಜನ್ನು ಗಂಡ ಮತ್ತೆ ಊದಿ ನೋಡುತ್ತಿರಲಿಲ್ಲ. ಹಾಗೆ ನೋಡಿದರೆ ಹೆಂಡತಿಗೆ ಅವಮಾನ ಮಾಡಿದ ಹಾಗೆ ಎಂದು ಅವನ ಲೆಕ್ಕ.

ಈ ಊದುವ ಕೆಲಸಕ್ಕೆ ಅವಳಿಗೊಬ್ಬಳು ಪಾಲುದಾರಳಿದ್ದಳು. ಐದು ವರ್ಷದ ಮಗಳು. ಮನೆಯಲ್ಲಿ ಅವಳನ್ನು ಅಳಿಲು ಎನ್ನುತ್ತಿದ್ದರು, ಯಾಕೆಂದರೆ ಒಂದು ಕಡೆ ನಿಂತ ಮಗುವಲ್ಲ ಅದು. ಅಮ್ಮ ಗಾಜು ಕೈಗೆತ್ತಿಕೊಂಡರೆ ಸಾಕು, ಮಗಳು ಬೆಂಚು ಹತ್ತಿ ಅಮ್ಮನ ತೋಳಿಗೆ ಜೋತುಬಿದ್ದು, "ನಾನು ಊದ್ತೀನಿ, ನಾನು ಊದ್ತೀನಿ" ಎಂದು ಪ್ರಾಣ ತಿನ್ನುತ್ತಿದ್ದಳು. ಎರಡು ಕೆನ್ನೆ ಉಬ್ಬಿಸಿ ಎಂಜಲು ಸಿಡಿಯುವ ಹಾಗೆ ಊದಿ, ಸರಿಯಾಗಿ ನೋಡುವ ಮೊದಲೇ "ಚೊಕ್ಕಟ!" ಎಂದು ಕೂಗುತ್ತಿದ್ದಳು. ಅವಳ ನ್ಯಾಯದಲ್ಲಿ ಫೇಲಾದ ಗಾಜು ಒಂದೂ ಇರಲಿಲ್ಲ.

ಊರಿನವರಿಗೆಲ್ಲ ಪಟ ತೆಗೆಯುವವನಿಗೆ ತನ್ನ ಮಗಳದ್ದೊಂದು ಪಟ ತೆಗೆಯಲಾಗಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಹನ್ನೊಂದು ಸಲ ಕೂರಿಸಿದ, ಹನ್ನೊಂದು ಸಲವೂ ಕೆಟ್ಟಿತು. ಒಂದರಲ್ಲಿ ನಾಲ್ಕು ಕೈ, ಇನ್ನೊಂದರಲ್ಲಿ ಬರೀ ಹೊಗೆ, ಮತ್ತೊಂದರಲ್ಲಿ ಖಾಲಿ ಕುರ್ಚಿ, ಯಾಕೆಂದರೆ ಮೂರಕ್ಕೇ ಎದ್ದುಹೋಗಿದ್ದಳು. ಕೊನೆಯ ಸಲ ದೊಡ್ಡ ಕುರ್ಚಿ ಬಿಟ್ಟು, ಅದರ ಪಕ್ಕದಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಹೊಸ ಬೂಟು ತೊಡಿಸಿ, "ಅಲುಗಾಡಿದರೆ ಬೂಟು ವಾಪಸ್ ಅಂಗಡಿಗೆ" ಎಂದು ಹೆದರಿಸಿದ. ಅಳಿಲು ಕೈ ಕಟ್ಟಿ ತೊಡೆಯ ಮೇಲಿಟ್ಟು, ಉಸಿರನ್ನೂ ಹಿಡಿದು ಕೂತಳು. ಒಂದು, ಎರಡು, ಮೂರು. ಅಪ್ಪನಿಗೇ ಆಶ್ಚರ್ಯ. ನಾಲ್ಕು, ಐದು, ಆರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಗಾಜಿನಮ್ಮ, ಎಣಿಕೆ ಇನ್ನೂ ನಡೆಯುತ್ತಿದೆ ಎಂದು ತಿಳಿಯದೆ ಬಾಗಿಲಿನಿಂದಲೇ ಕರೆದಳು.

"ಆಯ್ತೇನೇ, ಅಳಿಲೂ?"

ಮಗು ನಗುತ್ತ ತಿರುಗಿತು.

ಪಟದಲ್ಲಿ ಬೂಟು ಬಂದಿತ್ತು, ಎಡಗಾಲಿನ ಬಿಚ್ಚಿದ ಲಾಡಿಯ ಸಮೇತ. ಅಂಗಿಯ ಅಂಚಿನ ಮೂರು ಸಾಲು ನೆರಿಗೆ ಬಂದಿತ್ತು, ಕಟ್ಟಿದ ಎರಡು ಪುಟ್ಟ ಕೈ ಬಂದಿತ್ತು. ಕತ್ತಿನ ಮೇಲೆ ಮಾತ್ರ ಮುಖವಿರಲಿಲ್ಲ. ಬಾಗಿಲ ಕಡೆಗೆ ಎಳೆದ ಒಂದು ಬಿಳಿ ಮಸುಕು, ಅಷ್ಟೆ. "ನಿನ್ನ ಬಾಯಿ ಒಂದು ಕ್ಷಣ ಮುಚ್ಚಿದ್ದಿದ್ರೆ ಮಗಳ ಮುಖ ಸಿಕ್ತಿತ್ತು" ಎಂದು ಗಂಡ ನಗುತ್ತಲೇ ಅಂದ. ಅವಳೂ ನಕ್ಕಳು. ಇನ್ನೊಂದು ದಿನ ತೆಗೆದರಾಯಿತು, ಮಗು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡರು. ಮಾರನೆಯ ದಿನ ಆ ಗಾಜನ್ನೂ ಉಳಿದವುಗಳ ಜೊತೆ ಅವಳೇ ಕೆರೆದು ತೊಳೆದಳು. ಊದಿ ನೋಡಿದ್ದು ಮಗಳು. "ಚೊಕ್ಕಟ!" ಎಂದು ಕೂಗಿದಳು, ಅಮ್ಮ ಸರಿಯೆಂದು ತೊಳೆದ ಗಾಜುಗಳ ಪೆಟ್ಟಿಗೆಗೆ ಹಾಕಿದಳು.

ಐದು ವಾರ ಕಳೆದ ಮೇಲೆ ಅಳಿಲಿಗೆ ಗಂಟಲು ಬೇನೆ ಬಂತು. ನಾಲ್ಕೇ ದಿನ. ವೈದ್ಯರು ಎರಡು ಸಲ ಬಂದರು, ಮೂರನೆಯ ಸಲ ಬರುವ ಅಗತ್ಯ ಬೀಳಲಿಲ್ಲ.

ಐದನೆಯ ಬೆಳಿಗ್ಗೆ ಗಂಡ ಮೂರನೆಯ ಮಹಡಿಯಲ್ಲಿದ್ದ ಪಟದ ಕೋಣೆಯಿಂದ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿದು, ಮಗು ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತ.

"ಒಂದೇ ಒಂದು ತೆಗೀತೀನಿ ಕಣೇ. ನಮ್ಮ ಹತ್ರ ಒಂದೂ ಇಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. "ಈಗ ಅಲುಗಾಡಲ್ಲ ಅಂತ ತೆಗೀತೀರಾ? ಕೂರಲ್ಲ ಅಂತ ಹನ್ನೊಂದು ಸಲ ಬೈದ್ರಿ. ಈಗ ಜಾಣೆ, ಚೆನ್ನಾಗಿ ಕೂತಿದ್ದಾಳೆ ಅಂತ ಹೊಗಳ್ತೀರಾ?"

ಅವನು ಕ್ಯಾಮೆರಾ ಹೊತ್ತುಕೊಂಡು ಮೇಲೆ ಹೋದ. ಹೀಗೆ ಮಗುವಿನ ಮುಖ ಎಲ್ಲೂ ಉಳಿಯದೆ ಹೋಯಿತು. ಎರಡು ತಿಂಗಳು ಅಂಗಡಿ ಬಾಗಿಲು ತೆರೆಯಲಿಲ್ಲ. ತೆರೆದ ಮೇಲೂ ಗಂಡ ಹೆಂಡತಿ ಗಾಜು, ಮದ್ದು, ಗಿರಾಕಿ, ಊಟ ಇಷ್ಟನ್ನು ಬಿಟ್ಟು ಬೇರೆ ಮಾತಾಡುವುದನ್ನು ನಿಲ್ಲಿಸಿದರು. ಮಗಳ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಗಾಜಿನಮ್ಮ ಇನ್ನೊಂದನ್ನೂ ನಿಲ್ಲಿಸಿದ್ದಳು. ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೂ ಮೂರು ಮಹಡಿ ಹತ್ತಿ ಹೋಗಿ, ಗಂಡನ ಎದುರು ನಿಂತು, "ಬನ್ನಿ" ಎನ್ನುತ್ತಿದ್ದಳು. ತನ್ನ ಬಾಯಿಂದಲೇ ಮಗಳ ಮುಖ ಹೋಯಿತು ಎಂಬುದು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಅಂಗಡಿ ತೆರೆದ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಗಾಜುಗಳನ್ನು ಧೂಳು ಒರೆಸಿ ಊದಿ ನೋಡುತ್ತಿದ್ದಳು. ಒಂದು ಗಾಜಿನ ಮೇಲೆ ಉಸಿರು ಒಂದೇ ಸಮನೆ ಕೂರಲಿಲ್ಲ. ಕೆಳಗೆ ಎಡಗಡೆ ಏನೋ ಎದ್ದು ಕಂಡಿತು, ನೋಡುವಷ್ಟರಲ್ಲಿ ಆರಿಹೋಯಿತು. ಮತ್ತೆ ಊದಿದಳು. ಎರಡು ಬೂಟು. ಮತ್ತೆ ಊದಿದಳು. ಬಿಚ್ಚಿದ ಲಾಡಿ, ನೆರಿಗೆಯ ಮೂರು ಸಾಲು, ಕೈ. ಅವಳು ಗಾಜು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಅಮ್ಮ ತೊಳೆದು ಮಗಳು ಪಾಸು ಮಾಡಿದ ಗಾಜು. ಮಗಳ ಪರೀಕ್ಷೆ ಸುಳ್ಳಾಗಿದ್ದಕ್ಕೇ ಮಗಳು ಅದರಲ್ಲಿ ಉಳಿದುಕೊಂಡಿದ್ದಳು.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ಯಾವುದಾದರೂ ಮದ್ದು ಹಾಕಿ ನೋಡೋಣ ಅನ್ನುತ್ತಾನೆ, ಇರುವುದೂ ಹೋಗುತ್ತದೆ ಎಂಬ ಭಯ. ಜೊತೆಗೆ, ಸುಳ್ಳೇಕೆ ಹೇಳಬೇಕು, ಹಂಚಿಕೊಳ್ಳುವ ಮನಸ್ಸೂ ಇರಲಿಲ್ಲ. ಗಾಜನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲಿನ ಕೋಣೆಯಲ್ಲಿ ಒರೆಸುವ ಬಟ್ಟೆಗಳನ್ನಿಡುವ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಳು. ಆ ಪೆಟ್ಟಿಗೆಗೆ ಕೈ ಹಾಕುವವಳು ಅವಳೊಬ್ಬಳೇ. ದಿನಾ ಬೆಳಿಗ್ಗೆ, ಗಂಡ ಕೆಳಗೆ ಮುಖ ತೊಳೆಯುವ ಹೊತ್ತಿಗೆ, ಒಮ್ಮೆ ಊದುತ್ತಿದ್ದಳು. ಮಗಳು ಬಂದು, ನಾಲ್ಕೈದು ಕ್ಷಣ ಇದ್ದು, ಹೋಗುತ್ತಿದ್ದಳು. ಎರಡನೆಯ ಸಲ ಊದದಂತೆ ಮನಸ್ಸನ್ನು ಬಿಗಿಹಿಡಿಯುತ್ತಿದ್ದಳು, ಯಾಕೆಂದರೆ ಊದಿದಷ್ಟೂ ಆ ಗೆರೆ ಸವೆಯುತ್ತಿದೆಯೋ ಎಂಬ ಅನುಮಾನ. ಮುಖ ಮಾತ್ರ ಎಷ್ಟು ಊದಿದರೂ ಬರುತ್ತಿರಲಿಲ್ಲ. ಹೀಗೆ ನಾಲ್ಕು ತಿಂಗಳು ಸಾಗಿತು.

ಗುಂಡಿ ಅಂಗಡಿಯಮ್ಮ ಬಂದ ದಿನ ಒಳ್ಳೆಯ ಬಿಸಿಲಿತ್ತು. ಕೆಳಬೀದಿಯಲ್ಲಿ ಗುಂಡಿ, ದಾರ, ಸೂಜಿ ಮಾರುತ್ತಿದ್ದ ಒಂಟಿ ಹೆಂಗಸು ಆಕೆ. ಅಂಗಡಿ ಮುಚ್ಚಿ ಮರುದಿನ ದೂರದ ಊರಿಗೆ, ತಮ್ಮನ ಮನೆಗೆ ಹೊರಟಿದ್ದಳು. ಹೋಗುವ ಮೊದಲು ಒಂದು ಪಟ ಇರಲಿ ಎಂದು ಬಂದಿದ್ದಳು. ಗಾಜಿನಮ್ಮ ಔಷಧಿ ಅಂಗಡಿಗೆ ಸ್ಪಿರಿಟ್ ತರಲು ಹೋಗಿದ್ದಳು. ಆ ವಾರ ಮದುವೆಯ ಜೋಡಿಗಳು ಸಾಲುಗಟ್ಟಿ ಬಂದು ಸುತ್ತಿಟ್ಟ ಗಾಜುಗಳೆಲ್ಲ ಮುಗಿದಿದ್ದವು, ಪೆಟ್ಟಿಗೆಯ ಹಳೆಯ ಗಾಜುಗಳನ್ನು ಅವಳು ಮತ್ತೆ ಊದಿ ನೋಡದೆ ಅವನು ಬಳಸುತ್ತಿರಲಿಲ್ಲ. ಪಟ ತೆಗೆಯುವವನು ಕಪಾಟು ತಡಕಾಡಿದ, ಮೇಜಿನ ಕೆಳಗೆ ನೋಡಿದ, ಕೊನೆಗೆ ಬಟ್ಟೆಯ ಪೆಟ್ಟಿಗೆ ತೆರೆದ. ತಳದಲ್ಲಿ ಹತ್ತಿ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿದ ಒಂದು ಗಾಜು ಸಿಕ್ಕಿತು. ಧೂಳು ತಾಗದಿರಲೆಂದು ಇಲ್ಲಿ ಇಟ್ಟಿದ್ದಾಳೆ, ಎಷ್ಟು ಅಚ್ಚುಕಟ್ಟು ಎಂದು ಹೆಂಡತಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ. ಸುತ್ತಿದ ಗಾಜನ್ನು ಊದಿ ನೋಡುವ ಅಭ್ಯಾಸ ಅವನಿಗಿರಲಿಲ್ಲವಲ್ಲ. ಅಂಟುಮದ್ದು ಸುರಿದುಬಿಟ್ಟ.

ಗುಂಡಿ ಅಂಗಡಿಯಮ್ಮ ದೊಡ್ಡ ಕುರ್ಚಿಯಲ್ಲಿ ಎಂಟು ಎಣಿಸುವವರೆಗೂ ಬೊಂಬೆಯಂತೆ ಕೂತಿದ್ದಳು. ಅವನು ಕತ್ತಲೆ ಕೋಣೆಗೆ ಹೋದ. ಮದ್ದಿನ ತಟ್ಟೆಯಲ್ಲಿ ಮೊದಲು ಆಕೆಯ ಹಣೆ, ಆಮೇಲೆ ಕೈ, ಕುರ್ಚಿಯ ತೋಳು ಬಂದವು. ಬಳಿಕ ಆಕೆಯ ಮಂಡಿಯ ಪಕ್ಕದಲ್ಲಿ, ಏನೂ ಇರಬಾರದ ಕಡೆ, ಏನೋ ಬರತೊಡಗಿತು. ಗಾಜು ಕೊಳೆಯಾಗಿದೆ ಎಂದು ಅವನು ಮೊದಲು ಬೈದುಕೊಂಡ. ಆಮೇಲೆ ಬಿಚ್ಚಿದ ಲಾಡಿ ಕಂಡಿತು. ಹತ್ತು ವರ್ಷದ ಕಸುಬು, ಮನಸ್ಸು ನಿಂತುಹೋದರೂ ಕೈ ತಾನಾಗಿ ತೊಳೆದು, ಒಣಗಿಸಿ, ವಾರ್ನಿಷ್ ಎಳೆದು ಮುಗಿಸಿತು. ಅವನು ಗಾಜು ಹಿಡಿದು ಹೊರಗೆ ಬಂದಾಗ ಅವನ ಮುಖ ನೋಡಿ ಗುಂಡಿ ಅಂಗಡಿಯಮ್ಮ ಹೆದರಿದಳು.

"ಯಾಕಪ್ಪ, ಕೆಡ್ತಾ? ನಾನು ಒಂದು ಚೂರೂ ಅಲುಗಾಡ್ಲಿಲ್ಲವಲ್ಲ."

"ಇಲ್ಲ ಅಮ್ಮ, ಗಾಜು... ಇನ್ನೊಂದು ತೆಗೆದುಕೊಡ್ತೀನಿ."

ಆಕೆ ಆಗಲೇ ಅವನ ಕೈಯಿಂದ ಗಾಜು ತೆಗೆದುಕೊಂಡು, ಮೇಜಿನ ಕಪ್ಪು ಬಟ್ಟೆಯ ಮೇಲಿಟ್ಟು ಬಗ್ಗಿ ನೋಡಿದಳು. ತನ್ನ ಮುಖವನ್ನು ನೋಡಲೇ ಇಲ್ಲ. ಮಂಡಿಗೆ ಆತು ಕೂತ ಮಂಜಿನಂಥ ಮಗುವನ್ನು ನೋಡಿದಳು. ಗಂಟಲಿನಿಂದ ಒಂದು ಸದ್ದು ಹೊರಟಿತು, ಅಳುವೋ ನಗುವೋ ಹೇಳಲಾಗದಂಥದು.

ಗಾಜಿನಮ್ಮ ಸ್ಪಿರಿಟ್ ಬಾಟಲಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಕಂಡದ್ದು ಇದು: ಬಾಯಿ ತೆರೆದಿದ್ದ ಬಟ್ಟೆಯ ಪೆಟ್ಟಿಗೆ, ನೆಲದ ಮೇಲೆ ಬಿದ್ದಿದ್ದ ಹತ್ತಿ ಬಟ್ಟೆ, ಗೋಡೆಗೆ ಒರಗಿ ನಿಂತ ಗಂಡ, ಮೇಜಿನ ಮುಂದೆ ಮಂಡಿಯೂರಿದ ಒಬ್ಬ ಹೆಂಗಸು.

"ಬಾಮ್ಮ, ನೋಡು ಬಾ," ಎಂದಳು ಗುಂಡಿ ಅಂಗಡಿಯಮ್ಮ. "ನನ್ನ ಮಗಳು ಬಂದಿದ್ದಾಳೆ. ಹದಿನಾಲ್ಕು ವರ್ಷ ಆಯ್ತು ಹೋಗಿ. ಆಗ ಈ ಪಟದವರು ಎಲ್ಲಿದ್ರು? ಒಂದು ಗುರುತಿಲ್ಲ ನನ್ನ ಹತ್ರ. ಊರು ಬಿಡ್ತೀನಿ ಅಂತ ಗೊತ್ತಾಗಿ ಬಂದಿದ್ದಾಳೆ ನೋಡು."

ಗಾಜಿನಮ್ಮ ಮೇಜಿನ ಹತ್ತಿರ ಬಂದು ನೋಡಿದಳು. ಉಸಿರಿಗೆ ನಾಲ್ಕು ಕ್ಷಣ ಬಂದು ಹೋಗುತ್ತಿದ್ದವಳು ಈಗ ಹೋಗದೆ ಕೂತಿದ್ದಳು, ಬೇರೆಯವಳ ಮಂಡಿಯ ಪಕ್ಕದಲ್ಲಿ. ಬಾಟಲಿಯನ್ನು ಕೆಳಗಿಡಬೇಕೆಂದೂ ಅವಳಿಗೆ ತೋಚಲಿಲ್ಲ.

"ಅದು ನಿಮ್ಮ ಮಗಳಲ್ಲ," ಅಂದಳು. "ನನ್ನ ಮಗಳು. ನನ್ನ ಅಳಿಲು. ನಾನು ತೊಳೆದ ಗಾಜು ಅದು. ಸರಿಯಾಗಿ ತೊಳೀಲಿಲ್ಲ ನಾನು."

ಮಾತು ಕಠಿಣವಾಗಿಯೇ ಬಂತು. ನಾಲ್ಕು ತಿಂಗಳು ಬಚ್ಚಿಟ್ಟದ್ದನ್ನು ಇನ್ನೊಬ್ಬಳು ನನ್ನದು ಎಂದರೆ ಯಾರ ನಾಲಿಗೆ ಮೆತ್ತಗಿರುತ್ತದೆ?

ಗುಂಡಿ ಅಂಗಡಿಯಮ್ಮ ಗಾಜಿನ ಮೇಲೆ ಇನ್ನಷ್ಟು ಬಗ್ಗಿದಳು. ಆಮೇಲೆ ಬೂಟಿನ ಮೇಲೆ ಬೆರಳಿಟ್ಟಳು.

"ನನಗೂ ಗೊತ್ತಾಯ್ತು," ಅಂದಳು. "ನನ್ನ ಮಗು ಬೂಟು ಕಂಡಿದ್ದೇ ಇಲ್ಲ. ಬರಿಗಾಲು. ನೋಡಿದ ತಕ್ಷಣ ಗೊತ್ತಾಯ್ತು, ಆದ್ರೆ ಕಣ್ಣು ಒಪ್ಪಲಿಲ್ಲ. ಮುಖ ಇದ್ದಿದ್ರೆ ಇಷ್ಟೂ ಆಸೆ ಪಡ್ತಿರಲಿಲ್ಲ." ಗಾಜನ್ನು ಮೆಲ್ಲಗೆ ಗಾಜಿನಮ್ಮನ ಕಡೆ ಸರಿಸಿದಳು. "ತಗೋ ತಾಯಿ. ನನ್ನ ಮುಖ ಅದರ ಮೇಲೆ ಬಂದುಬಿಟ್ಟಿದೆ. ಒರೆಸಿ ಹಾಕಿಬಿಡಿ."

"ಆಗಲ್ಲ ಅಮ್ಮ," ಎಂದ ಪಟ ತೆಗೆಯುವವನು. ಹೆಂಡತಿ ಬಂದಾಗಿನಿಂದ ಅವಳ ಮುಖ ನೋಡುವ ಧೈರ್ಯ ಅವನಿಗಾಗಿರಲಿಲ್ಲ. "ಇಬ್ಬರೂ ಒಂದೇ ಪದರದಲ್ಲಿದ್ದೀರಿ. ನಿಮ್ಮನ್ನ ಕೆರೆದ್ರೆ ಅವಳೂ ಬರ್ತಾಳೆ. ಗಾಜಿನಲ್ಲಿ ಏನಿತ್ತೋ ಎಲ್ಲ ಮೇಲೆ ಬಂದಿದೆ. ಇನ್ನು ತೊಳೆದ್ರೆ ಏನೂ ಉಳಿಯಲ್ಲ."

"ಹಾಗಾದ್ರೆ ನಾನೂ ಇರ್ತೀನಿ ಬಿಡು, ಮೂಲೇಲಿ. ಮಗೂಗೆ ಆಸರೆಗೆ." ಆಕೆ ಏಳಲು ಹೋದವಳು ಮತ್ತೆ ಬಗ್ಗಿದಳು. "ಒಂದು ಮಾತು ಕೇಳ್ಲಾ? ಆ ಕಡೆ ಯಾಕೆ ತಿರುಗಿದ್ದಾಳೆ? ಏನಿತ್ತು ಅಲ್ಲಿ?"

"ನಾನಿದ್ದೆ," ಎಂದಳು ಗಾಜಿನಮ್ಮ. "ಕರೆದೆ. ಆರು ಎಣಿಸೋವರೆಗೂ ಕೂತಿದ್ಲು ಪಾಪ, ನಾನು ಬಾಯಿ ಹಾಕಿದೆ. ತಿರುಗಿದ್ಲು, ಮುಖ ಹೋಯ್ತು. ನನ್ನಿಂದ್ಲೇ ಹೋಯ್ತು."

"ಅಲ್ಲ."

ಗಂಡನ ದನಿ ಅವನದೇ ಅಲ್ಲವೆಂಬಂತೆ ಇತ್ತು. ಅವನು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

"ಆ ದಿನ ಬಿಸಿಲು ಜೋರಾಗಿತ್ತು ಕಣೇ. ಐದಕ್ಕೇ ಮುಚ್ಚಳ ಹಾಕಬಹುದಿತ್ತು. ಹಾಕ್ಬೇಕು ಅಂತ ಗೊತ್ತೂ ಆಯ್ತು. ಬೂಟಿನ ಲಾಡಿ, ಅಂಗಿ ನೆರಿಗೆ ಎಲ್ಲ ಗರಿಗರಿಯಾಗಿ ಬರಲಿ ಅಂತ ದುರಾಸೆ ಬಿದ್ದು ಎಣಿಸ್ತಾ ಹೋದೆ. ನೀನು ಕರೆಯೋ ಹೊತ್ತಿಗೆ ಅವಳ ಮುಖ ಬಂದು ಆಗಿತ್ತು. ನಾನೇ ಮುಚ್ಚಲಿಲ್ಲ."

"ಏಳು ತಿಂಗಳಿಂದ ಯಾಕೆ ಹೇಳಲಿಲ್ಲ?"

"ನೀನು ನಕ್ಕೆ ಆಗ. ಆಮೇಲೆ... ಆಮೇಲೆ ಹೇಗೆ ಹೇಳಲಿ?"

ಗಾಜಿನಮ್ಮನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವಳಿಗೆ ಆದದ್ದು ಬರೀ ದಣಿವು. ಏಳು ತಿಂಗಳು ಮೂರು ಮಹಡಿ ಹತ್ತಿ ಇಳಿದದ್ದೆಲ್ಲ ಒಮ್ಮೆಲೇ ಕಾಲಿಗೆ ಬಂದ ಹಾಗಾಯಿತು. ಮಗಳ ಗಿಡ್ಡ ಸ್ಟೂಲು ಗೋಡೆ ಬದಿಗಿತ್ತು, ಅದರ ಮೇಲೆ ಕುಸಿದು ಕೂತಳು.

ಗುಂಡಿ ಅಂಗಡಿಯಮ್ಮ ಗಂಡನನ್ನೂ ಹೆಂಡತಿಯನ್ನೂ ನೋಡಿದಳು. ಆಮೇಲೆ, ಯಾರೂ ಕೇಳದಿದ್ದರೂ, ಹೇಳಿದಳು.

"ನಾನು ಕರೀಲಿಲ್ಲ. ಒಂದು ಡಬ್ಬಿ ಗುಂಡಿ ನೆಲಕ್ಕೆ ಸುರ್ಕೊಂಡು ಬಣ್ಣಬಣ್ಣ ಬೇರೆ ಮಾಡ್ತಿದ್ದೆ. ಮಗು ಹಿಂದಿನ ಬಾಗಿಲಿಂದ ಹೋಗಿದ್ದು ಕಾಣಿಸ್ತು. ಆ ಕಡೆ ಕಾಲುವೆ. ಕೈಯಲ್ಲಿರೋ ಹಿಡಿ ಮುಗಿಸಿ ಕರೆಯೋಣ ಅಂದ್ಕೊಂಡೆ. ಒಂದೇ ಒಂದು ಹಿಡಿ. ಕರೆದಿದ್ರೆ ತಿರುಗ್ತಿದ್ಲು. ನನ್ನ ಮಗಳೂ ಹಾಗೇನೇ, ಕರೆದ್ರೆ ಸಾಕು, ಬಿದ್ದರೂ ಪರವಾಗಿಲ್ಲ ಅನ್ನೋ ಹಾಗೆ ತಿರುಗೋಳು."

ಆಕೆಯ ಕಣ್ಣು ಮತ್ತೆ ಗಾಜಿನ ಮೇಲೆ ಹೋಯಿತು, ಆ ಮಸುಕಿನ ಮೇಲೆ, ಬಾಗಿಲ ಕಡೆ ತಿರುಗಿದ ಆ ತಲೆಯ ಮೇಲೆ. ಗಾಜಿನಮ್ಮ ಆ ನೋಟವನ್ನು ನೋಡಿದಳು. ಅವಳ ಬಾಯಿಂದ ಮಾತು ಅವಳನ್ನೂ ಕೇಳದೆ ಹೊರಬಂತು.

"ನೀವೇ ತಗೊಂಡು ಹೋಗಿ, ಅಕ್ಕ."

"ಬೇಡ ತಾಯಿ, ಹುಚ್ಚಿಯ ಹಾಗೆ ಆಡಬೇಡ."

"ತಗೊಂಡು ಹೋಗಿ. ನನಗೆ ಅವಳ ಮುಖ ಗೊತ್ತು. ತಿರುಗಿದಾಗ ಹೇಗೆ ನಕ್ಕಳು ಅಂತಲೂ ಗೊತ್ತು, ನಾನೇ ನೋಡಿದ್ದು. ಇದರಲ್ಲಿ ಅದಿಲ್ಲ. ನಿಮಗೆ ಬೇಕಾಗಿರೋದು ಇದರಲ್ಲಿದೆ."

ಪಟ ತೆಗೆಯುವವನು ಚೌಕಟ್ಟು ತಂದ, ಬೆನ್ನಿಗೆ ಕಪ್ಪು ಬಟ್ಟೆ ಅಂಟಿಸಿದ, ಮೂಲೆ ಒತ್ತಿದ. ಬೆಳ್ಳಿ ನೀರಿನಿಂದ ಕಪ್ಪಾದ ಬೆರಳುಗಳಿಂದ ಅಂಚನ್ನೊಮ್ಮೆ ಒರೆಸಿ ಆಕೆಯ ಕೈಗೆ ಕೊಟ್ಟ. ಗುಂಡಿ ಅಂಗಡಿಯಮ್ಮ ಚೌಕಟ್ಟನ್ನು ಎದೆಗವಚಿಕೊಂಡು, ಗೋಡೆ ಹಿಡಿದು ಹಿಡಿದು ಮೆಟ್ಟಿಲಿಳಿದಳು.

ಇಷ್ಟಕ್ಕೇ ಗಾಜಿನಮ್ಮನನ್ನು ದೊಡ್ಡ ಮನಸ್ಸಿನ ಹೆಂಗಸು ಎಂದು ಹೊಗಳಲು ಹೊರಟವರು ಸ್ವಲ್ಪ ತಾಳಿ. ಗುಂಡಿ ಅಂಗಡಿಯಮ್ಮ ಒಂದು ಮಹಡಿ ಇಳಿಯುವ ಮುಂಚೆಯೇ ಇವಳ ಮನಸ್ಸು ತಿರುಗಿಬಿತ್ತು. ಏನು ಮಾಡಿಬಿಟ್ಟೆ, ಯಾರಿಗೆ ಯಾರನ್ನು ಕೊಟ್ಟುಬಿಟ್ಟೆ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಎದ್ದು ಕಿಟಕಿಗೆ ಓಡಿದಳು. ಕೆಳಗೆ ಗುಂಡಿ ಅಂಗಡಿಯಮ್ಮ ಬೀದಿಗೆ ಇಳಿದು, ದೀಪದ ಕಂಬದ ಹತ್ತಿರ ನಿಂತು, ಚೌಕಟ್ಟನ್ನು ಬಿಸಿಲು ತಾಗದ ಹಾಗೆ ಬಟ್ಟೆಯೊಳಗೆ ಸರಿಪಡಿಸಿಕೊಳ್ಳುತ್ತಿದ್ದಳು. ತುಂಬ ದೂರವೇನಲ್ಲ. ಒಂದು ಸಲ ಅಕ್ಕಾ ಎಂದು ಕೂಗಿದರೆ ಸಾಕು, ತಿರುಗುತ್ತಾಳೆ, ವಾಪಸು ಬರುತ್ತಾಳೆ, ಬೇಡವೆನ್ನದೆ ಕೊಟ್ಟೂಬಿಡುತ್ತಾಳೆ. ಗಾಜಿನಮ್ಮ ಬಾಯಿ ತೆರೆದಳು. ಏಳು ತಿಂಗಳು ಯಾರನ್ನೂ ಕೂಗಿ ಕರೆಯದವಳಿಗೆ ಕೂಗು ಬರಲಿಲ್ಲ.

ಹಿಂದೆ ಬಂದು ನಿಂತಿದ್ದ ಗಂಡನಿಗೆ ಅರ್ಥವಾಯಿತು.

"ನಾನು ಕರೀಲಾ?" ಎಂದ.

ಅವಳು ತಿರುಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಮಗು ಹೋದ ಮೇಲೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಅವನ ಉಸಿರು ಅಂಗೈಗೆ ಬೆಚ್ಚಗೆ ತಾಗಿತು, ಆಮೇಲೆ ಒದ್ದೆಯಾಯಿತು. ಅವನು ಅಳುತ್ತಿದ್ದ. ಅವಳು ಕೈ ತೆಗೆಯಲಿಲ್ಲ. ಇಬ್ಬರೂ ಹಾಗೇ ನಿಂತು, ಆ ಹೆಂಗಸು ಕೆಳಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದರು.

ಮಾರನೆಯ ಬೆಳಿಗ್ಗೆ ಗಂಡ ಕೆಳಗೆ ಮುಖ ತೊಳೆಯಲು ಹೋಗಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಬಂದು ಕೂತ. ಗಾಜಿನಮ್ಮ ಬುಟ್ಟಿಯಲ್ಲಿದ್ದ ಗಾಜುಗಳನ್ನು ಒಂದೊಂದಾಗಿ ಕೆರೆದಳು, ಉಜ್ಜಿದಳು, ಒರೆಸಿದಳು. ಆಮೇಲೆ ಪೆಟ್ಟಿಗೆಯಲ್ಲಿದ್ದ ಹಳೆಯ ಗಾಜುಗಳನ್ನೂ ಹೊರಗೆ ತೆಗೆದಳು, ಎಲ್ಲವನ್ನೂ. ಅಳಿಲು ಹನ್ನೊಂದು ಸಲ ಕೂತಿದ್ದಳಲ್ಲ, ಇನ್ನೂ ಹತ್ತು ಗಾಜು ಎಲ್ಲೋ ಇರಬೇಕಲ್ಲ. ಗಂಡ ಒಂದೊಂದು ಗಾಜನ್ನೂ ಎತ್ತಿ ಅವಳ ಕೈಗೆ ಕೊಡುತ್ತ ಹೋದ. ಅವಳು ಊದಿದಳು, ಬೆಳಕಿಗೆ ಹಿಡಿದಳು, ಕೆಳಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನೋಡದೆ ಉಳಿದದ್ದು ಒಂದೇ ಗಾಜು.

ಆ ಕೊನೆಯ ಗಾಜನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಊದಿದಳು. ಮಂಜು ಅಂಚಿನಿಂದ ಅಂಚಿಗೆ ಒಂದೇ ಸಮನೆ ಕೂತಿತು. ಇಬ್ಬರೂ ತಲೆ ಬಗ್ಗಿಸಿ ನೋಡಿದರು. ಒಂದೇ ಸಮನೆ ಆರಿಹೋಯಿತು.

"ಚೊಕ್ಕಟ," ಎಂದಳು ಗಾಜಿನಮ್ಮ, ಮತ್ತು ಆ ಒಂದು ಮಾತಿಗೆ, ಮಗಳು ಹೋದ ದಿನವೂ ಅಳದಷ್ಟು, ಬಿಕ್ಕಿ ಬಿಕ್ಕಿ ಅತ್ತಳು.